ಪಾವಗಡದ ಖಾಲಿ ಸಾಲು

ಜ್ವರ ಬಿಟ್ಟ ಮೇಲೆ ಬರುವ ನಿಶ್ಶಕ್ತಿಯ ಬಗ್ಗೆ ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಪಕ್ಕದ ಮನೆಯ ಸೊಸೆ ವಿಷಮಜ್ವರದಿಂದ ಎದ್ದು ಹದಿನೈದು ದಿನವಾಗಿತ್ತು. ಮೊನ್ನೆ ನಮ್ಮ ಜಗಲಿಯ ತನಕ ಬಂದು ಕಂಬ ಹಿಡಿದು ಕೂತಳು. ಅಷ್ಟು ದೂರ ನಡೆದದ್ದಕ್ಕೇ ಹಣೆಯೆಲ್ಲ ಬೆವೆತಿತ್ತು. ಇದು ಎಂದಾದರೂ ಹೋಗುತ್ತದೆಯೇ ಎಂದು ಕೇಳಿದಳು. ಬಹಳ ಮಟ್ಟಿಗೆ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದೆ. ಅವಳಿಗೆ ಬೇಸರವಾಗಬಹುದೆಂದುಕೊಂಡೆ. ಆದರೆ ಅವಳ ಮುಖ ಸ್ವಲ್ಪ ಹಗುರವಾಯಿತು. ಮನೆಯವರೆಲ್ಲ ಅವಳಿಗೆ ವಾಸಿಯಾಗಿದೆ, ಏಳು, ಓಡಾಡು ಎನ್ನುತ್ತಿದ್ದರಂತೆ. ಅವಳ ಮೈ ಬೇರೆಯದನ್ನೇ ಹೇಳುತ್ತಿದೆ ಎಂಬುದನ್ನು ಒಪ್ಪಿಕೊಂಡವನು ನಾನೊಬ್ಬನೇ.

ಇಪ್ಪತ್ತೇಳನೇ ವಯಸ್ಸಿನಲ್ಲಿ ನನಗೆ ಬಂದ ಕಾಯಿಲೆಯನ್ನು ಬರೆದಿಡಬೇಕೆಂದು ಅನ್ನಿಸಿದ್ದು ಅವತ್ತು. ಹಾಗೆ ಕಾಯಿಲೆ ಬಂದಾಗ ಯಾರು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ನನ್ನ ಮನೆಯಲ್ಲಿ ಏನಾಯಿತೆಂಬುದಷ್ಟೇ ಗೊತ್ತು.

ಸಾವಿರದ ಒಂಬೈನೂರ ಹದಿನೆಂಟನೇ ಇಸವಿ. ಯುರೋಪಿನ ಮೊದಲ ದೊಡ್ಡ ಯುದ್ಧ ಮುಗಿಯುತ್ತ ಬಂದಿತ್ತು. ನಾನು ಮಧುಗಿರಿಯ ಸಬ್‌ಡಿವಿಜನ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಕಡೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಜನನ ಮರಣದ ತಖ್ತೆಗಳನ್ನು ಒಟ್ಟುಗೂಡಿಸಿ ತುಮಕೂರಿಗೆ ಕಳಿಸುವುದು ನನ್ನ ಪಾಲಿಗೆ ಬಂದಿದ್ದ ಕೆಲಸ. ಹಳ್ಳಿಯ ಶಾನುಭೋಗರು ಚೀಟಿಯಲ್ಲಿ ಬರೆದು ತಾಲ್ಲೂಕು ಕಚೇರಿಗೆ ಕಳಿಸುತ್ತಿದ್ದರು. ಅಲ್ಲಿಯವರು ಅದನ್ನು ಎಣಿಸಿ ತಖ್ತೆ ಮಾಡಿ ನಮಗೆ ಕಳಿಸುತ್ತಿದ್ದರು. ನನ್ನ ಕೈಗೆ ಬರುವ ಹೊತ್ತಿಗೆ ಹೆಸರುಗಳೆಲ್ಲ ಉದುರಿ ಅಂಕಿ ಮಾತ್ರ ಉಳಿದಿರುತ್ತಿತ್ತು. ಮೂರು ವರ್ಷ ಆ ಕೆಲಸ ಮಾಡಿದ್ದೆ. ಅದರಿಂದ ಮನಸ್ಸಿಗೆ ಏನೂ ಆಗುತ್ತಿರಲಿಲ್ಲ.

ಪ್ಲೇಗು ನಮಗೆ ಗೊತ್ತಿದ್ದ ಜಾಡ್ಯ. ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಈ ಸಲ ಬಂದದ್ದು ಹಾಗೆ ಮುನ್ಸೂಚನೆ ಕೊಡುವಂಥದಲ್ಲ. ಇನ್‌ಫ್ಲುಯೆಂಜಾ ಎಂಬ ಉದ್ದನೆಯ ಹೆಸರು ಕಚೇರಿಯಲ್ಲಿ ಮಾತ್ರ ಓಡಾಡುತ್ತಿತ್ತು. ಜನ ಹೊಸ ಜ್ವರ ಎನ್ನುತ್ತಿದ್ದರು. ಮುಂಗಾರಿನಲ್ಲಿ ಬೊಂಬಾಯಿಯಿಂದ ಸುದ್ದಿ ಬಂತು, ಆಮೇಲೆ ಸುಮ್ಮನಾಯಿತು. ಭಾದ್ರಪದದ ಹೊತ್ತಿಗೆ ಬೆಂಗಳೂರಿನಿಂದ ಬಂದ ಸುದ್ದಿ ಬೇರೆ ಥರದ್ದಾಗಿತ್ತು.

ನಮ್ಮ ಆಫೀಸರು ಮದರಾಸಿನಿಂದ ಇಂಗ್ಲಿಷ್ ಪತ್ರಿಕೆ ತರಿಸುತ್ತಿದ್ದರು. ಒಂದು ದಿನ ನನ್ನನ್ನು ಕರೆದು, ಈ ಜ್ವರದ ಬಗ್ಗೆ ಯಾವ ದೇಶದ ಸುದ್ದಿ ಬಂದರೂ ವಾರವಾರಕ್ಕೆ ಒಂದು ಹಾಳೆಯಲ್ಲಿ ಗುರುತು ಹಾಕುತ್ತ ಹೋಗಬೇಕೆಂದರು. ಬೇರೆ ಕಡೆ ಎಷ್ಟು ವಾರ ಏರಿತು, ಎಂದಿನಿಂದ ಇಳಿಯಿತು ಎಂಬುದು ತಿಳಿದರೆ ಬಡವನಹಳ್ಳಿ, ತೋವಿನಕೆರೆಯ ಸಂತೆಗಳನ್ನು ಎಂದು ನಿಲ್ಲಿಸಬೇಕು, ಸ್ಕೂಲುಗಳನ್ನು ಎಂದು ತೆರೆಯಬೇಕು ಎಂದು ಅಂದಾಜು ಮಾಡಬಹುದು ಎಂಬುದು ಅವರ ಯೋಚನೆ.

ಹಳೆಯ ಫಾರಂಗಳ ಬೆನ್ನಿನ ಮೇಲೆ ನಾನು ಗೆರೆ ಎಳೆದೆ. ಎಡಗಡೆ ಒಂದರ ಕೆಳಗೊಂದು ದೇಶಗಳು: ಸ್ಪೇನು, ಇಂಗ್ಲೆಂಡು, ಫ್ರಾನ್ಸು, ಜರ್ಮನಿ, ಅಮೆರಿಕ. ಅವುಗಳ ಕೆಳಗೆ ಬೊಂಬಾಯಿ, ಮದರಾಸು, ಬೆಂಗಳೂರು. ಎಲ್ಲಕ್ಕಿಂತ ಕೆಳಗೆ ನಮ್ಮ ನಾಲ್ಕು. ಸಾವು ಹಿಂದಿನ ವಾರಕ್ಕಿಂತ ಏರಿದ್ದರೆ ಮೇಲ್ಮುಖವಾಗಿ ಒಂದು ಗೀಟು, ಇಳಿದಿದ್ದರೆ ಕೆಳಮುಖವಾಗಿ ಒಂದು. ಪತ್ರಿಕೆಯವರು ಒಂದು ದಿನ ಹೇಳಿದ್ದನ್ನು ಇನ್ನೊಂದು ದಿನ ತಿದ್ದುತ್ತಿದ್ದರು. ನಾನೂ ಒರೆಸಿ ಬರೆಯುತ್ತಿದ್ದೆ.

ಹಳೆಯ ಪತ್ರಿಕೆಗಳನ್ನೂ ಹುಡುಕಿ ತುಂಬಿದ ಮೇಲೆ ನೋಡಿದರೆ ಸ್ಪೇನಿನ ಸಾಲು ಭರ್ತಿಯಾಗಿತ್ತು. ಫ್ರಾನ್ಸು, ಜರ್ಮನಿಯ ಸಾಲುಗಳು ಹೆಚ್ಚುಕಡಿಮೆ ಖಾಲಿ. ಇದು ಸ್ಪೇನಿನವರಿಗೇ ಅಂಟಿದ ಕಾಯಿಲೆಯಿರಬೇಕೆಂದು ಆಫೀಸರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, "ಯುದ್ಧದಲ್ಲಿರೋರು ತಮ್ಮ ಕಾಯಿಲೆ ಬಾಯಿಬಿಟ್ಟು ಹೇಳ್ಕೋತಾರೇನ್ರೀ? ಸ್ಪೇನು ಯುದ್ಧಕ್ಕೆ ಹೋಗಿಲ್ಲ, ಅದಕ್ಕೇ ಅಲ್ಲಿಯ ಪತ್ರಿಕೆಗಳು ಬರೀತವೆ" ಎಂದರು. ಖಾಲಿ ಸಾಲು ಎಂದರೆ ಕಾಯಿಲೆ ಇಲ್ಲವೆಂದಲ್ಲ ಎಂಬುದು ನನ್ನ ತಲೆಗೆ ಹೋಯಿತು. ಜರ್ಮನಿಯ ಮಟ್ಟಿಗೆ ಹೋಯಿತು.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮಧುಗಿರಿ, ಶಿರಾ, ಕೊರಟಗೆರೆಯ ಗೀಟುಗಳು ಮೇಲಕ್ಕೆ ತಿರುಗಿದವು. ಪಾವಗಡದಿಂದ ಎರಡು ವಾರ ತಖ್ತೆಯೇ ಬರಲಿಲ್ಲ. ತಖ್ತೆ ಬಾರದಿದ್ದರೆ ಆ ಅಂಕಣದಲ್ಲಿ "ಇಲ್ಲ" ಎಂದು ಬರೆಯುವುದು ಕಚೇರಿಯ ರೂಢಿ. ನಾನೂ ಹಾಗೇ ಬರೆದೆ.

ನನ್ನ ತಂಗಿ ಬಸಮ್ಮನನ್ನು ಪಾವಗಡದ ಆಚೆ, ಗಡಿಗೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅವಳ ಗಂಡ ಮಲ್ಲಪ್ಪನಿಗೆ ಅಲ್ಲಿ ಬಟ್ಟೆ ಅಂಗಡಿ ಇತ್ತು. ಅವರಿಗೆ ಒಂದು ವರ್ಷದ ಹೆಣ್ಣು ಮಗು. ಅದೇ ವಾರ ಮಲ್ಲಪ್ಪನ ಕಾಗದ ಬಂತು. ತಮ್ಮ ಊರಿನಲ್ಲಿ ಇನ್ನೂ ಏನೂ ಇಲ್ಲ, ಸುತ್ತಲ ಹಳ್ಳಿಗಳಲ್ಲಿ ಇದೆಯೆಂದು ಕೆಲವರು, ಇಲ್ಲವೆಂದು ಕೆಲವರು ಹೇಳುತ್ತಾರೆ, ಬಸಮ್ಮನನ್ನೂ ಮಗುವನ್ನೂ ಮಧುಗಿರಿಗೆ ಕರೆತಂದು ಬಿಡಲೇ, ಅಲ್ಲಾದರೆ ಆಸ್ಪತ್ರೆ ಇದೆ, ನಿನಗೆ ಎಲ್ಲ ಕಡೆಯ ಸಂಗತಿ ಗೊತ್ತಿರುತ್ತದೆ, ತಿಳಿಸು ಎಂದು ಬರೆದಿದ್ದ.

ನಾನು ಹಾಳೆ ತೆಗೆದು ನೋಡಿದೆ. ಮಧುಗಿರಿಯಲ್ಲಿ ಏರುತ್ತಿದೆ, ಪಾವಗಡದಲ್ಲಿ ಇಲ್ಲ. ಇಲ್ಲದ ಕಡೆಯಿಂದ ಇರುವ ಕಡೆಗೆ ಬರುವುದು ಬೇಡ, ಎಲ್ಲೂ ಹೋಗದೆ ಅಲ್ಲೇ ಇರಿ ಎಂದು ಉತ್ತರ ಬರೆದೆ. ಅದನ್ನು ಮನೆಯಲ್ಲಿ ಓದಿ ಹೇಳಿದೆ. ಅಪ್ಪಯ್ಯ, "ಕಾಗ್ದ ನೋಡ್ಕಂಡು ಹೇಳ್ತಿದೀಯ, ಸರಿಯಾಗೇ ಇರ್ತೈತೆ ಬುಡು" ಎಂದರು. ನನ್ನ ಹೆಂಡತಿ ಗೌರಮ್ಮ ಮಾತ್ರ ನಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು.

"ತಖ್ತೆ ಬಂದಿಲ್ಲ ಅಂದ್ರೆ ಕಾಯ್ಲೆ ಇಲ್ಲ ಅಂತಲಾ?"

"ಇದ್ದಿದ್ರೆ ಬರೀತಿದ್ರು" ಎಂದೆ.

ಮಾರನೆಯ ದಿನ ಕಾಗದವನ್ನು ಟಪಾಲಿಗೆ ಹಾಕಿದೆ.

ಅದಾಗಿ ನಾಲ್ಕು ದಿನಕ್ಕೆ ನವರಾತ್ರಿ ಹತ್ತಿತ್ತು. ಬೆಳಿಗ್ಗೆ ಆಸ್ಪತ್ರೆಯ ಅಂಕಿ ತರಲು ನಾನೇ ಹೋದೆ. ಜವಾನನಿಗೆ ಜ್ವರ ಬಂದಿತ್ತು. ಆಸ್ಪತ್ರೆಯ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ಔಷಧಿಗೆಂದು ಮನೆಯಿಂದ ತಂದ ಸೀಸೆ. ಸೀಮೆಎಣ್ಣೆಯ ಸೀಸೆ, ಹರಳೆಣ್ಣೆಯ ಸೀಸೆ, ಏನೂ ಸಿಕ್ಕದವರ ಕೈಯಲ್ಲಿ ಹಿತ್ತಾಳೆಯ ಲೋಟ. ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಮುದುಕರು ಕಡಿಮೆ. ಕೂತಿದ್ದವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರು, ನೇಗಿಲು ಹಿಡಿಯುವ, ಗಾಡಿ ಹೊಡೆಯುವ ಗಟ್ಟಿ ಆಳುಗಳು. ಅದನ್ನು ನೋಡಿ ಬರೆದುಕೊಳ್ಳಬೇಕೆಂದು ಸೀಸದ ಕಡ್ಡಿ ತೆಗೆದೆ. ಅಕ್ಷರಗಳು ಎರಡೆರಡಾಗಿ ಕಂಡವು. ಕಣ್ಣಿಗೆ ಬಿಸಿಲು ಹೊಡೆದಿದೆ ಎಂದುಕೊಂಡು ಗೋಡೆಗೆ ಒರಗಿ ಕೂತೆ.

ಕಾಂಪೌಂಡರ್ ಖಾದರ್ ಸಾಬರು ಶಿರಾದವರು. ಡಾಕ್ಟರು ಹಳ್ಳಿಗಳ ಮೇಲೆ ಹೋಗಿದ್ದರಿಂದ ಒಬ್ಬರೇ ಎಲ್ಲರನ್ನೂ ನೋಡುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅವರು ನನ್ನ ಕೈಯ ಪುಸ್ತಕ ನೋಡಲಿಲ್ಲ, ಮುಖ ನೋಡಿದರು.

"ಗುಮಾಸ್ತ್ರೇ, ಲೆಕ್ಕ ಬರ್ಕೊಳ್ಳಾಕೆ ಬಂದ್ರೋ, ಲೆಕ್ಕಕ್ಕೆ ಸೇರಾಕೆ ಬಂದ್ರೋ?"

ಅದು ತಮಾಷೆಯ ಮಾತಲ್ಲ. ಅವರು ಅಂಗೈಯನ್ನು ನನ್ನ ಕತ್ತಿಗಿಟ್ಟು ತೆಗೆದರು. ಮನೆ ಹತ್ತಿರವೇ ತಾನೆ ಎಂದು ಕೇಳಿದರು. ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಿದರು. ಎಂಟು ತಿಂಗಳ ಮಗು ಇದೆ ಎಂದಾಗ, ಮಗುವನ್ನು ಬೇರೆ ಮನೆಗೆ ಕಳಿಸಲು ಆಗುತ್ತದೆಯೇ ನೋಡಿ ಎಂದರು. ಸೀಸೆ ತಂದಿರಲಿಲ್ಲವಾದ್ದರಿಂದ ತಮ್ಮದೇ ಒಂದು ಸೀಸೆಯಲ್ಲಿ ಔಷಧಿ ಹಾಕಿ ಕೊಟ್ಟರು. ಕಚೇರಿಗೆ ಬೇಕಾದ ಅಂಕಿಯನ್ನು ನನ್ನ ಪುಸ್ತಕದಲ್ಲಿ ತಾವೇ ಬರೆದರು. ನಾನು ಮನೆಗೆ ಹೇಗೆ ಬಂದೆನೆಂಬುದು ನೆನಪಿಲ್ಲ. ಪುಸ್ತಕ ಮಾತ್ರ ಕಂಕುಳಲ್ಲಿತ್ತಂತೆ.

ಮಗುವಿನ ವಿಷಯ ನನಗೆ ಆಮೇಲೆ ತಿಳಿದದ್ದು. ಕೆಂಚಮ್ಮ ಎಂಬ ಕುರುಬರ ಹೆಂಗಸು ಬೆಟ್ಟದ ಬುಡದ ಕುರಿಹಟ್ಟಿಯಿಂದ ದಿನಾ ನಮ್ಮ ಬೀದಿಗೆ ಹಾಲು ತರುತ್ತಿದ್ದಳು. ಅವಳ ಸೊಸೆಗೆ ಹೆರಿಗೆಯಾಗಿ ಮೂರು ತಿಂಗಳಾಗಿತ್ತು. ಗೌರಮ್ಮ ಬಾಗಿಲಲ್ಲಿ ನಿಂತು ಹೇಳಿಕೊಂಡಾಗ ಕೆಂಚಮ್ಮ, "ಕೊಡ್ರವ್ವ ಇಂಗೆ. ನಮ್ ಸೊಸೆ ಎದೇಲಿ ಎಲ್ಡು ಮಕ್ಳಿಗಾಗೋಟು ಹಾಲೈತೆ" ಎಂದು ಕೈಚಾಚಿದಳಂತೆ. ಅಪ್ಪಯ್ಯ ಇಷ್ಟಲಿಂಗ ಪೂಜೆಯಿಲ್ಲದೆ ನೀರು ಮುಟ್ಟದವರು. ಬೇರೆಯವರ ಮನೆಯಲ್ಲಿ ಒಂದು ತೊಟ್ಟು ಕುಡಿದವರಲ್ಲ. ಗೌರಮ್ಮ ಅವರ ಮುಖ ನೋಡಿದಳು. ಅವರು, "ಮಗ ಬದುಕ್ಲಿ. ಮಿಕ್ಕಿದ್ದು ಆಮ್ಯಾಕೆ ನೋಡಾನ" ಎಂದು ತಾವೇ ಮಗುವನ್ನು ಎತ್ತಿ ಕೊಟ್ಟರು. ಹದಿನೆಂಟು ದಿನ ಗೌರಮ್ಮ ಮಗುವಿನ ಮುಖ ನೋಡಲಿಲ್ಲ. ಎದೆಹಾಲು ಕಟ್ಟಿ ಅವಳಿಗೂ ಜ್ವರ ಬಂದು ಎರಡು ದಿನ ಅಡಿಗೆಮನೆಯ ಗೋಡೆಗೆ ಒರಗಿ ಕೂತೇ ಕೆಲಸ ಮಾಡಿದಳೆಂಬುದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು.

ನನ್ನ ಕಾಯಿಲೆಯ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಮೂಗಿನಿಂದ ರಕ್ತ ಬಂದದ್ದು ಗೊತ್ತು. ಎದೆಯ ಎಡಗಡೆ ಉಸಿರು ಒಳಗೆ ಹೋಗುವಾಗ ಯಾರೋ ಬಟ್ಟೆ ಹರಿದಂತೆ ಸದ್ದಾಗುತ್ತಿತ್ತು. ಆ ಸದ್ದನ್ನು ನಾನು ಕೇಳುತ್ತ ಮಲಗಿದ್ದೆ. ಮೊದಲ ಎರಡು ದಿನ ಸಾಯುತ್ತೇನೆಂಬ ಭಯವಿತ್ತು. ಆಮೇಲೆ ಭಯ ಪಡುವುದಕ್ಕೂ ತ್ರಾಣವಿರಲಿಲ್ಲ. ಇದನ್ನು ಯಾರಾದರೂ ಆಗಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕಾಯಿಲೆ ಜೋರಾದಾಗ ಭಯ ತಾನಾಗಿ ದೂರ ಸರಿದು ನಿಲ್ಲುತ್ತದೆ. ಸುತ್ತ ನೋಡಿಕೊಳ್ಳುವವರಿಗೇ ಅದು ಹೆಚ್ಚು.

ಅಪ್ಪಯ್ಯ ಹಗಲೆಲ್ಲ ನನ್ನ ತಲೆದೆಸೆಯಲ್ಲಿ ಕೂತು ಒದ್ದೆ ಬಟ್ಟೆ ಬದಲಾಯಿಸುತ್ತಿದ್ದರು. ಮೈಮೇಲೆ ನೀಲಗಿರಿ ಎಣ್ಣೆ ಸವರಿದ ವಾಸನೆ ಮನೆ ತುಂಬ ಇತ್ತು. ಖಾದರ್ ಸಾಬರು ದಿನ ಬಿಟ್ಟು ದಿನ ಬಂದು ಹೋಗುತ್ತಿದ್ದರು. ಒಳಗೆ ಬರುವ ಮುಂಚೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಒಳಗಿನ ಸದ್ದಿನಿಂದಲೇ ಎಷ್ಟು ಮನೆಗಳ ಸ್ಥಿತಿಯನ್ನು ಅವರು ಹಾಗೆ ತಿಳಿದುಕೊಳ್ಳುತ್ತಿದ್ದರೋ. ಏಳು ದಿನ ದಾಟಿದರೆ ಧೈರ್ಯ ಹೇಳಬಹುದು ಎಂದಿದ್ದರು. ಎಂಟನೆಯ ದಿನ ಬಂದಾಗ ನನ್ನ ನಾಡಿ ಹಿಡಿದು ಬಿಟ್ಟು, ಅಪ್ಪಯ್ಯನ ಕಡೆ ತಿರುಗಿ, ಇನ್ನು ಮೇಲೆ ಹಸಿವು ಎಂದರೆ ಸಂತೋಷಪಡಿ ಎಂದರಂತೆ. ಬೀದಿಯವರು ಯಾರೂ ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ. ಅದನ್ನು ನಾನು ತಪ್ಪು ಎನ್ನುವುದಿಲ್ಲ. ಕೆಂಚಮ್ಮ ಮಾತ್ರ ಬೆಳಿಗ್ಗೆ ಅಂಬಲಿಯ ಕುಡಿಕೆಯನ್ನು ಜಗಲಿಯ ಮೇಲಿಟ್ಟು, ಮಗು ಹೆಂಗೈತೆ ಎಂದು ಬೀದಿಯಿಂದಲೇ ಕೂಗಿ ಹೇಳಿ ಹೋಗುತ್ತಿದ್ದಳು.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಎದ್ದು ಗೋಡೆಗೆ ಒರಗಿ ಕೂತೆ. ಮೊದಲು ಹೊಳೆದದ್ದು ಕಚೇರಿ. ನಾನು ಮಲಗಿದ್ದೇನೆ, ಇನ್ನೊಬ್ಬ ಗುಮಾಸ್ತನೂ ಮಲಗಿದ್ದಾನೆಂದು ಕೇಳಿದ್ದೆ. ಹಾಗಾದರೆ ಇಷ್ಟು ದಿನ ಮಧುಗಿರಿಯ ಸಾಲಿನಲ್ಲಿ ಏನೂ ಬರೆದಿರುವುದಿಲ್ಲ. ತುಮಕೂರಿನಲ್ಲಿ ಕೂತವನು ಅದನ್ನು ನೋಡಿ "ಇಲ್ಲ" ಎಂದು ಬರೆದುಕೊಂಡಿರುತ್ತಾನೆ. ಮಧುಗಿರಿಯಲ್ಲಿ ಜ್ವರ ನಿಂತಿತೆಂದು ಸಂತೋಷಪಟ್ಟಿರುತ್ತಾನೆ. ಹೀಗೆ ಯೋಚಿಸುತ್ತಿದ್ದಾಗ, ಪಾವಗಡದ ಅಂಕಣದಲ್ಲಿ ನಾನು ಬರೆದ "ಇಲ್ಲ" ನೆನಪಾಯಿತು. ಮೈಯೆಲ್ಲ ತಣ್ಣಗಾಯಿತು. ಜ್ವರ ತಿರುಗಿ ಬಂತೆಂದು ಅಪ್ಪಯ್ಯ ಕಂಬಳಿ ಹೊದಿಸಿದರು.

ಗೌರಮ್ಮನನ್ನು ಕರೆದು ಕಚೇರಿಯ ಕಾಗದ ಪತ್ರ ಏನಾದವು ಎಂದು ಕೇಳಿದೆ. ಆಗ ಅವಳು ಒಂದು ಕಟ್ಟು ತಂದು ಮುಂದಿಟ್ಟಳು. ಕಚೇರಿಯಲ್ಲಿ ಬರೆಯುವವರಿಲ್ಲವೆಂದು ಟಪಾಲನ್ನು ನಮ್ಮ ಮನೆಗೇ ತಂದು ಹಾಕುತ್ತಿದ್ದರಂತೆ. ಅವಳು ತವರಿನಲ್ಲಿ ಮೂರನೇ ಕ್ಲಾಸಿನ ತನಕ ಓದಿದ್ದಳು. ಅಕ್ಷರ ದಪ್ಪ, ಸಾಲು ಸ್ವಲ್ಪ ಏರುಪೇರು. ಆದರೆ ಮಧುಗಿರಿ, ಶಿರಾ, ಕೊರಟಗೆರೆ ಮೂರನ್ನೂ ನಾನು ಬರೆಯುತ್ತಿದ್ದ ಹಾಗೇ ವಾರವಾರಕ್ಕೂ ಬರೆದಿದ್ದಳು. ಪತ್ರಿಕೆಯ ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲವಾದ್ದರಿಂದ ದೂರದ ದೇಶಗಳ ಸಾಲನ್ನು ಹಾಗೇ ಬಿಟ್ಟಿದ್ದಳು. ಹಾಳೆ ಆಫೀಸರ ಹತ್ತಿರ ಹೋಗಿ ಬರುತ್ತಿತ್ತು. ಯಾರ ಅಕ್ಷರವೆಂದು ಅವರು ಕೇಳಿರಲಿಲ್ಲ.

ನಮ್ಮ ಮೂರೂ ಸಾಲುಗಳು ಕೆಳಮುಖವಾಗಿದ್ದವು. ಪಾವಗಡದ ಸಾಲು ಖಾಲಿ ಇತ್ತು.

"ಪಾವಗಡದ್ದೆಲ್ಲಿ?" ಎಂದೆ.

"ಬಂದಿಲ್ಲ."

ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಹೇಳಿದೆ: "ಬಂದಿಲ್ಲ ಅಂದ್ರೆ ಅಲ್ಲಿ ಬರೆಯೋರು ಯಾರೂ ನೆಟ್ಟಗಿಲ್ಲ ಅಂತ. ಆವತ್ತು ನೀನು ಕೇಳಿದ್ದು ಅದನ್ನೇ. ನನಗೆ ಹೊಳೀಲಿಲ್ಲ."

ಅಪ್ಪಯ್ಯ ಹಿತ್ತಲಿನಲ್ಲಿದ್ದರು. ಗೌರಮ್ಮ ಆ ಕಡೆ ಒಂದು ಸಲ ನೋಡಿ, ಒಳಗೆ ಹೋಗಿ, ತನ್ನ ಸೀರೆಯ ಪೆಟ್ಟಿಗೆಯಿಂದ ಇನ್ನೊಂದು ಕಟ್ಟು ತಂದಳು. ಪಾವಗಡದ ಗುಮಾಸ್ತನೂ ಮಲಗಿದ್ದರಿಂದ ಅಲ್ಲಿಯವರು ಹಳ್ಳಿಗಳ ಚೀಟಿಗಳನ್ನು ಎಣಿಸದೆ, ಮೂರು ನಾಲ್ಕು ವಾರದ್ದೆಲ್ಲ ಒಟ್ಟಿಗೆ ದಾರ ಕಟ್ಟಿ ಕಳಿಸಿಬಿಟ್ಟಿದ್ದರು. ಅದರಲ್ಲಿ ಅಂಕಿಯಲ್ಲ, ಹೆಸರುಗಳಿದ್ದವು. ಕೆಲವು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ. ಗೌರಮ್ಮ ನಡುವಿನ ಒಂದು ಚೀಟಿಯನ್ನು ಎಳೆದು ಕೊಟ್ಟಳು. ಮೇಲಿನಿಂದ ನಾಲ್ಕನೆಯ ಹೆಸರು: ಬಸಮ್ಮ, ಮಲ್ಲಪ್ಪನ ಹೆಂಡತಿ, ವಯಸ್ಸು ಇಪ್ಪತ್ತೆರಡು, ಜ್ವರ.

ನಾನು ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅದು ಬಂದು ಎಷ್ಟು ದಿನವಾಯಿತೆಂದು ಕೇಳಿದೆ. ಆರು ದಿನ ಎಂದಳು. ಆರು ದಿನ ಅವಳು ನನಗೆ ಗಂಜಿ ಕುಡಿಸಿದ್ದಳು. ಬಸಮ್ಮನ ಊರಿನಿಂದ ಸುದ್ದಿ ಏನಾದರೂ ಬಂತೇ ಎಂದು ಅಪ್ಪಯ್ಯ ಕೇಳಿದಾಗಲೆಲ್ಲ ಇಲ್ಲ ಎಂದಿದ್ದಳು. ಉಳಿದ ತಾಲ್ಲೂಕುಗಳ ಲೆಕ್ಕವನ್ನು ತಪ್ಪಿಲ್ಲದೆ ಬರೆದಿದ್ದಳು. ಪಾವಗಡದ್ದನ್ನು ಎಣಿಸಲು ಮಾತ್ರ ಅವಳಿಂದ ಆಗಿರಲಿಲ್ಲ.

"ನೀವು ಉಳಿಯೋದು ಗಟ್ಟಿಯಾಗ್ಲಿ ಅಂತಿದ್ದೆ" ಎಂದಳು.

ಅಪ್ಪಯ್ಯನಿಗೆ ನಾನೇ ಹೇಳಿದೆ. ಅವರು ಕೈಕಾಲು ತೊಳೆದು ಬಂದು ನನ್ನ ಪಕ್ಕ ಕೂತಿದ್ದರು. ಪೂರ್ತಿ ಕೇಳಿ, ಅವಳ ಮಗು ಇದೆಯೇ ಎಂದರು. ಚೀಟಿಯಲ್ಲಿ ಮಗುವಿನ ಹೆಸರಿರಲಿಲ್ಲ. ನಾನು ಇದೆ ಎಂದುಬಿಟ್ಟೆ. ಹೇಳಿದ ಮೇಲೆ, ಮತ್ತೆ ಅದೇ ತಪ್ಪು ಮಾಡಿದೆನಲ್ಲ, ಬರೆದಿಲ್ಲ ಎಂಬುದನ್ನು ಆಗಿಲ್ಲ ಎಂದುಕೊಂಡೆನಲ್ಲ ಎಂದು ಹೊಳೆಯಿತು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪಯ್ಯನಿಗೆ ಆ ಹೊತ್ತಿಗೆ ಅದು ಬೇಕಾಗಿತ್ತು.

ಆ ಮಧ್ಯಾಹ್ನ ಪಾವಗಡದ ಚೀಟಿಗಳನ್ನು ನಾನೂ ಗೌರಮ್ಮನೂ ಕೂತು ಎಣಿಸಿದೆವು. ಅವಳು ಹೆಸರು ಓದಿದಳು, ನಾನು ಗೀಟು ಹಾಕಿದೆ. ತೆಲುಗು ಚೀಟಿಗಳನ್ನು ನಾನೇ ಓದಿದೆ. ಬಸಮ್ಮನ ಹೆಸರು ಬಂದಾಗ ಅವಳು ಅದನ್ನೂ ಓದಿದಳು, ನಾನು ಅದಕ್ಕೂ ಒಂದು ಗೀಟು ಹಾಕಿದೆ. ಇಷ್ಟು ವರ್ಷ ನಾನು ಬರೆದ ಅಂಕಿಗಳ ಹಿಂದೆಲ್ಲ ಇಂಥ ಚೀಟಿಗಳಿದ್ದವೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಕೈಯಲ್ಲಿ ಹಿಡಿದು ನೋಡಿರಲಿಲ್ಲ ಅಷ್ಟೆ.

ಹದಿನೆಂಟನೆಯ ದಿನ ಕೆಂಚಮ್ಮ ಮಗುವನ್ನು ತಂದುಕೊಟ್ಟಳು. ಅವನು ಗೌರಮ್ಮನನ್ನು ಗುರುತಿಸದೆ ಕೆಂಚಮ್ಮನ ಸೆರಗು ಹಿಡಿದು ಅತ್ತ. ಮೈಯಿಂದ ಕುರಿಹಟ್ಟಿಯ ವಾಸನೆ ಬರುತ್ತಿತ್ತು. ಗೌರಮ್ಮ ಅವನಿಗೆ ಅವತ್ತು ಸ್ನಾನ ಮಾಡಿಸಲಿಲ್ಲ. ವಾಸನೆ ಹೋದರೆ ಇನ್ನೂ ಅಳುತ್ತಾನೆ ಎಂದಳು.

ನಾನು ಕಚೇರಿಗೆ ಹೋದದ್ದು ದೀಪಾವಳಿ ಕಳೆದು ಒಂದು ವಾರಕ್ಕೆ. ಮನೆಯ ಹಿಂದಿನ ಬೀದಿಯಲ್ಲೇ ಇದ್ದ ಕಚೇರಿಗೆ ನಡುವೆ ಎರಡು ಕಡೆ ಕೂತು ಹೋದೆ. ತಲೆಗೂದಲು ಅರ್ಧ ಉದುರಿತ್ತು. ಯುದ್ಧ ನಿಂತ ಸುದ್ದಿ ಬಂದು ಕಚೇರಿಯಲ್ಲಿ ಸಕ್ಕರೆ ಹಂಚುತ್ತಿದ್ದರು. ನನ್ನ ಕೈಗೂ ಹಾಕಿದರು. ಪತ್ರಿಕೆಗಳ ರಾಶಿ ಹಾಗೇ ಕಾದಿತ್ತು. ಒಂದು ವಾರ ಕೂತು ದೂರದ ದೇಶಗಳ ಸಾಲುಗಳನ್ನು ತುಂಬಿದೆ. ಇಂಗ್ಲೆಂಡಿನಲ್ಲಿ ನಾವು ಮಲಗಿದ್ದಾಗಲೇ ಏರುತ್ತಿತ್ತು. ಅಮೆರಿಕದಲ್ಲಿ ಅದಕ್ಕೂ ಮೊದಲೇ ಏರಿತ್ತು. ಎಲ್ಲ ಕಡೆಯ ಗೀಟುಗಳೂ ಕೆಲವು ವಾರ ಏರಿ ಇಳಿದಿದ್ದವು. ಇದನ್ನು ತಡೆದವರು ಯಾರೂ ಇರಲಿಲ್ಲ. ನೋಡುತ್ತ ಕೂತಾಗ ಒಂದು ಥರದ ಸಮಾಧಾನವಾಯಿತೆಂದು ಹೇಳಲು ನನಗೆ ನಾಚಿಕೆಯಿಲ್ಲ. ಹೆಸರು ಗೊತ್ತಿಲ್ಲದ ಯಾವುದೋ ಊರಿನಲ್ಲಿ ನನ್ನಂಥವನೇ ಒಬ್ಬ ಗೋಡೆಗೆ ಒರಗಿ ಕೂತು ಉಸಿರಿನ ಸದ್ದು ಕೇಳುತ್ತಿದ್ದಾನೆ ಎನ್ನಿಸಿತು.

ತುಮಕೂರಿಗೆ ಕಡೆಯ ತಖ್ತೆ ಕಳಿಸುವಾಗ ಒಂದು ಮಾತು ಬಂತು. ಪಾವಗಡದ ಕೆಲವು ಹಳ್ಳಿಗಳಿಂದ ಚೀಟಿಗಳೇ ಬಂದಿರಲಿಲ್ಲ. ಶಿರಸ್ತೇದಾರರು ರೂಢಿಯಂತೆ "ಇಲ್ಲ" ಎಂದು ಬರೆಯಲು ಹೇಳಿದರು. ನಾನು "ತಿಳಿಯದು" ಎಂದು ಬರೆದೆ. ಅವರು ಹೊಡೆದುಹಾಕಿ ಹಿಂದಕ್ಕೆ ಕೊಟ್ಟರು. ನಾನು ಹೊಸ ಹಾಳೆಯಲ್ಲಿ ಮತ್ತೆ "ತಿಳಿಯದು" ಎಂದೇ ಬರೆದು ಆಫೀಸರ ಮುಂದಿಟ್ಟೆ. ಅವರು ಓದಿ, ನನ್ನ ಮುಖ ಒಂದು ಸಲ ನೋಡಿ, ರುಜು ಹಾಕಿದರು.

ಮಲ್ಲಪ್ಪ ಬಂದದ್ದು ಸಂಕ್ರಾಂತಿ ಆದ ಮೇಲೆ. ಎತ್ತಿನ ಗಾಡಿಯಲ್ಲಿ, ಮಗುವನ್ನು ಕರೆದುಕೊಂಡು ಬಂದ. ಅವನಿಗೂ ಜ್ವರ ಬಂದು ಹೋಗಿತ್ತು. ಕೆನ್ನೆ ಒಳಗೆ ಸೇದಿ ಬೇರೆ ಮನುಷ್ಯನ ಹಾಗೆ ಕಂಡ. ಬಸಮ್ಮನನ್ನು ಹೂಳಲು ಗುಣಿ ತೋಡುವವರು ಸಿಕ್ಕದೆ ತಾನೂ ಒಬ್ಬ ಮುದುಕನೂ ತೋಡಿದ್ದಾಗಿ ಹೇಳಿದ. ಊಟವಾದ ಮೇಲೆ ನಾವಿಬ್ಬರೇ ಜಗಲಿಯಲ್ಲಿ ಕೂತಾಗ ನಾನು ಹೇಳಬೇಕಾದದ್ದನ್ನು ಹೇಳಿದೆ. ನನ್ನ ಹತ್ತಿರ ಇದ್ದ ಕಾಗದ ತಪ್ಪಾಗಿತ್ತು, ಅದನ್ನು ನೋಡಿ ನಿಮಗೆ ಅಲ್ಲೇ ಇರಲು ಬರೆದೆ, ಬಂದಿದ್ದರೆ ಅವಳು ಉಳಿಯುತ್ತಿದ್ದಳೇನೋ ಎಂದೆ.

ಅವನು ಎಲೆ ಅಡಿಕೆ ಮೆಲ್ಲುತ್ತ ಎತ್ತುಗಳ ಕಡೆ ನೋಡುತ್ತಿದ್ದ.

"ಏಮಿ ಮಾಡೋದು ಭಾವ. ನಿನ್ ಕಾಗ್ದ ಬರೋ ವೇಳೆಗೆ ಆಯಮ್ಮಂಗೆ ಜ್ವರ ಬಂದು ಎಲ್ಡು ದಿನ ಆಗಿತ್ತು. ಗಾಡಿ ಹತ್ತಾ ಹಂಗಿರ್ಲಿಲ್ಲ."

ಅದು ನಿಜವೋ, ನನಗಾಗಿ ಹೇಳಿದ್ದೋ ಗೊತ್ತಿಲ್ಲ. ಕಾಗದದ ಮೇಲೆ ಟಪಾಲಿನ ಮುದ್ರೆ ಇರುತ್ತದೆ, ಚೀಟಿಯ ಮೇಲೆ ಸತ್ತ ದಿನ ಇತ್ತು. ಎರಡನ್ನೂ ಪಕ್ಕ ಇಟ್ಟು ನೋಡಿದ್ದರೆ ಒಂದು ಅಂದಾಜಿಗೆ ಬರಬಹುದಿತ್ತು. ನಾನು ಆ ಕಾಗದವನ್ನು ಕೇಳಲಿಲ್ಲ. ಅವನು ತೋರಿಸಲೂ ಇಲ್ಲ. ಅವಳು ಬಂದಿದ್ದರೂ ನಾನು ಜ್ವರದಲ್ಲಿ ಮಲಗಿದ್ದ ಮನೆಗೇ ಬರಬೇಕಿತ್ತು ಎಂಬುದೂ ನಿಜ. ಈ ಇಪ್ಪತ್ತೆಂಟು ವರ್ಷಗಳಲ್ಲಿ ಎರಡು ಕಡೆಯಿಂದಲೂ ಯೋಚಿಸಿದ್ದೇನೆ. ಯೋಚನೆ ಎರಡು ಕಡೆಯೂ ಮುಗಿಯುವುದಿಲ್ಲ.

ಮಲ್ಲಪ್ಪ ಮಗುವನ್ನು ಗೌರಮ್ಮನ ಕೈಗೆ ಕೊಟ್ಟು ಹೋದ. ಆ ಮಗು, ನಿಂಗಮ್ಮ, ನಮ್ಮ ಮಗನ ಜೊತೆ ಬೆಳೆದಳು. ಅಪ್ಪಯ್ಯ ಆಮೇಲೂ ಎಂಟು ವರ್ಷ ಇದ್ದರು. ಕೆಂಚಮ್ಮನ ಕೈಯಿಂದ ಮಜ್ಜಿಗೆ ತೆಗೆದುಕೊಂಡು ಕುಡಿಯುವುದನ್ನು ಸಾಯುವ ತನಕ ಬಿಡಲಿಲ್ಲ. ನನ್ನ ಎಡ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಬೆಟ್ಟ ಹತ್ತುವುದು ಅಂದಿಗೇ ಮುಗಿಯಿತು. ಚಳಿಗಾಲದಲ್ಲಿ ಕೆಮ್ಮು ಬಂದರೆ ಎರಡು ತಿಂಗಳು. ಅದರ ಜೊತೆ ಬಾಳುವುದು ಕಷ್ಟವೇನಲ್ಲ. ಯಾವ ಕೆಲಸವನ್ನು ನಿಧಾನವಾಗಿ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮೈ ತಾನೇ ಕಲಿಸುತ್ತದೆ.

ನಿಂಗಮ್ಮನ ಮದುವೆ ಗೊತ್ತಾದಾಗ, ಅವಳು ಬೇರೆ ಮನೆಗೆ ಹೋಗುವ ಮೊದಲು ಈ ಸಂಗತಿ ನನ್ನ ಬಾಯಿಂದಲೇ ತಿಳಿಯಲಿ ಎಂದು ಒಂದು ದಿನ ಬೆಳಿಗ್ಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ತಖ್ತೆ, ಖಾಲಿ ಸಾಲು, ನಾನು ಬರೆದ ಕಾಗದ, ಅವರಪ್ಪ ಹೇಳಿದ ಮಾತು, ಒಂದನ್ನೂ ಬಿಡಲಿಲ್ಲ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಮುಗಿದ ಮೇಲೆ ಕೈ ನಿಲ್ಲಿಸಿ ಕೇಳಿದಳು.

"ನಮ್ಮವ್ವ ನೋಡೋಕೆ ಹೆಂಗಿದ್ಲು ಮಾವ?"

ನಾನು ಬಾಯಿ ತೆರೆದೆ. ಸ್ಪೇನಿನಲ್ಲಿ ಯಾವಾಗ ಏರಿತು, ಬೊಂಬಾಯಿಯಲ್ಲಿ ಯಾವಾಗ ಇಳಿಯಿತು ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ತಂಗಿಯ ಮುಖ ಕಣ್ಣ ಮುಂದಿತ್ತು, ಮಾತು ಮಾತ್ರ ಬರಲಿಲ್ಲ. ಗೌರಮ್ಮ ಒಳಗಿನಿಂದ ಬಂದು ಅವಳ ಪಕ್ಕ ಕೂತು, ಮೊರದಿಂದ ಒಂದು ಹಿಡಿ ಅವರೆಕಾಯಿ ತನ್ನ ಮಡಿಲಿಗೆ ಹಾಕಿಕೊಂಡಳು.

"ನಿನಗಿಂತ ಒಂದು ಗೇಣು ಎತ್ತರ ಕಣಮ್ಮ" ಎಂದಳು. "ನಗೋವಾಗ ಸೆರಗು ಬಾಯಿಗೆ ಇಟ್ಕೊತಿದ್ಲು. ನಡೆಯೋದು ಬಿರುಸು. ಜೊತೇಲಿ ನೀರಿಗೆ ಹೋದ್ರೆ ನಾನು ಹಿಂದೆ ಓಡಬೇಕಾಗ್ತಿತ್ತು."

ಅವರಿಬ್ಬರೂ ಕಾಯಿ ಬಿಡಿಸುತ್ತ ಅವಳ ವಿಷಯ ಮಾತಾಡುತ್ತಲೇ ಇದ್ದರು. ನಾನು ಅಲ್ಲೇ ಕೂತು ಕೇಳಿದೆ. ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿ ಅದರಲ್ಲಿತ್ತು.